ಹಿಂದಿನ ಮೂಲೆಯ ಎರಡು ದಿಮ್ಮಿ

ಸಂಜೆ ನಾಲ್ಕು ಗಂಟೆಗೆ ನಮ್ಮ ಕ್ಯಾರವಾನ್ ಪಾರ್ಕಿನಲ್ಲಿ ದಿನವೂ ಒಂದು ಪುಕ್ಕಟೆ ನಾಟಕ ನಡೆಯುತ್ತದೆ. ಬೆಳಗಿನಿಂದ ಗಾಡಿ ಓಡಿಸಿ ಬಳಲಿದ ಗಂಡಂದಿರು ಕಾರಿನ ಬೆನ್ನಿಗೆ ಕಟ್ಟಿದ ಗಾಲಿಯ ಮನೆಯನ್ನು, ಅಂದರೆ ಕ್ಯಾರವಾನನ್ನು, ತಮ್ಮ ಜಾಗಕ್ಕೆ ಹಿಮ್ಮುಖವಾಗಿ ನುಗ್ಗಿಸಲು ಹೆಣಗುತ್ತಾರೆ. ಹೆಂಡತಿಯರು ಹಿಂದೆ ನಿಂತು ಎಡಕ್ಕೆ ಎಂದು ಕೂಗಿದರೆ ಇವರು ಬಲಕ್ಕೆ ತಿರುಗಿಸುತ್ತಾರೆ. ಕಾಯಂ ಇರುವ ನಾವು ಮಡಿಸುವ ಕುರ್ಚಿ ಹಾಕಿಕೊಂಡು, ತಣ್ಣನೆಯ ಬಿಯರ್ ಹಿಡಿದು, ಕಂಡವರ ಸಂಸಾರ ಕಂಗೆಡುವುದನ್ನು ನೋಡುತ್ತ ಕೂರುತ್ತೇವೆ. ಇಪ್ಪತ್ತಾರು ವರ್ಷದಿಂದ ಈ ಪಾರ್ಕಿನ ಉಸ್ತುವಾರಿ ನನ್ನದು. ಕಕ್ಕಸು ತೊಳೆಯುವುದರಿಂದ ಹಿಡಿದು ಜಗಳ ಬಿಡಿಸುವವರೆಗೆ ಎಲ್ಲವೂ ನನ್ನ ತಲೆಯ ಮೇಲೆ. ಆ ನಾಲ್ಕು ಗಂಟೆಯ ಕುರ್ಚಿಯೊಂದೇ ನನ್ನ ಸುಖವಾಗಿತ್ತು.

ನಾಟಕದ ಎರಡನೆಯ ಅಂಕ ವೆರ್ನಾ ಟ್ರೆಗೆಂಜಾಳದ್ದು. ಗಾಡಿ ನಿಂತ ಮೇಲೆ ಅದನ್ನು ಮಟ್ಟ ಮಾಡಬೇಕಲ್ಲ, ಆಗ ಅವಳು ಬರುತ್ತಿದ್ದಳು. ಕುಳ್ಳಿ, ಅರವತ್ತಮೂರು ವರ್ಷ, ಗಂಡಸರ ಪ್ಯಾಂಟು, ಕಂಕುಳಲ್ಲಿ ರಸಮಟ್ಟ, ಕೈಯಲ್ಲಿ ಗೋಣಿಚೀಲ. ಯಾರೂ ಕರೆದಿರುತ್ತಿರಲಿಲ್ಲ. ನೆಟ್ಟಗೆ ಹೋಗಿ ಗಾಡಿಯ ಕೆಳಗೆ ಬಗ್ಗಿ ನೋಡಿ, ಆ ಗೃಹಸ್ಥನ ಮಾನ ಕಳೆದು, ಆಮೇಲೆ ತಾನೇ ಮಂಡಿಯೂರಿ ಕೆಲಸ ಮಾಡಿಕೊಡುತ್ತಿದ್ದಳು.

ಮೆಲ್ಬರ್ನಿನಿಂದ ಬಂದ ಒಬ್ಬ ಮಹರಾಯ ಒಮ್ಮೆ ಟೊಳ್ಳು ಸಿಮೆಂಟ್ ಬ್ಲಾಕ್ ಒಂದನ್ನು ಎಲ್ಲಿಂದಲೋ ಹೊತ್ತು ತಂದು ಗಾಡಿಯ ಅಡಿಗೆ ತಳ್ಳುತ್ತಿದ್ದ.

“ಅದೇನಪ್ಪ ಅದು?” ಎಂದಳು ವೆರ್ನಾ.

“ಬ್ಲಾಕು. ಗಟ್ಟಿ ಇದೆ.”

“ಗಟ್ಟಿ ಇದೆ, ಸರಿ. ಒಡೆಯೋಕೆ ಮುಂಚೆ ನಿಂಗೆ ಹೇಳತ್ತಾ?”

“ಏನು ಹೇಳೋದು?”

“ಮರ ಹೇಳತ್ತೆ ಕಣಪ್ಪ. ಕಿರ್ ಅನ್ನತ್ತೆ, ಸೀಳು ಬಿಡತ್ತೆ, ನಿಂಗೆ ಓಡೋಕೆ ಟೈಮ್ ಕೊಡತ್ತೆ. ಇದು ಹಂಗಲ್ಲ. ಕೊನೇವರೆಗೂ ಗುಟ್ಟು ಬಿಟ್ಟುಕೊಡದೆ ಇದ್ದು, ಟಪ್ ಅಂತ ಹೋಗತ್ತೆ. ನಿಮ್ಮ ಮನೇಲಿ ಸಾಯೋಕೆ ಅಂತ ಯಾರಾದ್ರೂ ಹೆಚ್ಚಿಗೆ ಇದಾರಾ?”

ನಾವೆಲ್ಲ ನಕ್ಕೆವು. ಆ ಮನುಷ್ಯನ ಕಿವಿ ಕೆಂಪಾಯಿತು. ವೆರ್ನಾ ಆ ಬ್ಲಾಕನ್ನು ಕಾಲಿನಲ್ಲಿ ಒದ್ದು ಪಕ್ಕಕ್ಕೆ ಸರಿಸಿ, ತನ್ನ ಚೀಲದಿಂದ ಮರದ ದಿಮ್ಮಿ ತೆಗೆದಳು. ಮೊದಲು ಗಾಲಿಗೆ ಕಲ್ಲು ಕೊಡಿಸಿದಳು, ಕಾರಿನ ಕೊಂಡಿ ಬಿಡಿಸುವುದು ಆಮೇಲೆ. ಮೊದಲು ಅಡ್ಡಕ್ಕೆ ಮಟ್ಟ, ಆಮೇಲೆ ಉದ್ದಕ್ಕೆ. ಮೂಲೆಯ ಕಾಲುಗಳನ್ನು ಎಲ್ಲಕ್ಕಿಂತ ಕೊನೆಗೆ ಇಳಿಸಬೇಕು, ಅವು ಗಾಡಿಯನ್ನು ಅಲುಗಾಡದಂತೆ ಹಿಡಿಯಲಿಕ್ಕೆ ಮಾತ್ರ. ಅವುಗಳಿಂದಲೇ ಗಾಡಿ ಎತ್ತಲು ಹೋದವನಿಗೆ ಅವಳು ಏನು ಅನ್ನುತ್ತಿದ್ದಳೆಂದು ಇಲ್ಲಿ ಬರೆಯುವಂತಿಲ್ಲ. ಜಾಕಿನ ಮೇಲೆ ಗಾಡಿ ಇರುವಾಗ ಒಳಗೆ ನರಪಿಳ್ಳೆಯೂ ಇರಕೂಡದು.

ಈ ವಿದ್ಯೆ ಅವಳಿಗೆ ಅಪ್ಪನಿಂದ ಬಂದದ್ದು. ನಮ್ಮ ಕಡೆಯ ಹಳೆಯ ಮನೆಗಳು ಗುತ್ತಿ ಎನ್ನುವ ಗಿಡ್ಡ ಮರದ ಕಂಬಗಳ ಮೇಲೆ ನಿಂತವು. ಗೆದ್ದಲು ಹಿಡಿದು ಗುತ್ತಿ ಕುಸಿದಾಗ ಮನೆಯನ್ನು ಜಾಕಿನಿಂದ ಎತ್ತಿ ಹೊಸ ಗುತ್ತಿ ಕೊಡಬೇಕು. ಅವಳಪ್ಪ ಆ ಕೆಲಸ ಮಾಡುತ್ತಿದ್ದ. ಆತ ಹೊಟ್ಟೆ ಬೆಳೆಸಿಕೊಂಡಿದ್ದರಿಂದ ಮನೆಯಡಿ ತೆವಳುವುದು ಮಗಳ ಪಾಲಿಗೆ ಬಂತು. ಹನ್ನೆರಡನೆಯ ವಯಸ್ಸಿನಲ್ಲಿ ಒಬ್ಬ ಕಟುಕನ ಮನೆಯ ಕೆಳಗೆ ಮಲಗಿ ಮಣ್ಣು ಕೆರೆಯುತ್ತಿದ್ದಾಗ ಮುಖದ ಮೇಲಿನ ತೊಲೆ ಸಣ್ಣಗೆ ನರಳಿತಂತೆ. ಹೇಗೋ ಉರುಳಿಕೊಂಡು ಹೊರಗೆ ಬಂದಳು. ಅಪ್ಪ ಏನಾಯಿತೇ ಎಂದು ಕೇಳಿ ಮುಗಿಸುವ ಮೊದಲೇ ಮನೆಯ ಆ ಭಾಗ ಧೊಪ್ಪನೆ ಕೂತಿತು. ಅಲ್ಲಿಂದ ಮುಂದೆ ಅವಳು ಸದ್ದು ಮಾಡದ ಯಾವುದನ್ನೂ ನಂಬಲಿಲ್ಲ. ಸದ್ದು ಮಾಡದೆ ಇನ್ನೊಬ್ಬಳ ಜೊತೆ ಕ್ವೀನ್ಸ್‌ಲ್ಯಾಂಡಿಗೆ ಹೊರಟುಹೋದ ಗಂಡನನ್ನೂ ಇದೇ ಲೆಕ್ಕಕ್ಕೆ ಸೇರಿಸುತ್ತಿದ್ದಳು.

ಗಂಡ ಹೋದ ಮೇಲೆ ಗೋಧಿಯ ಕಣಜದಲ್ಲಿ ಇಪ್ಪತ್ತು ವರ್ಷ ಕೆಲಸ ಮಾಡಿ, ಕೆಮ್ಮು ಗಂಟುಹಾಕಿಕೊಂಡು, ಹದಿನೆಂಟು ಅಡಿಯ ಹಳೆಯ ಕ್ಯಾರವಾನಿನಲ್ಲಿ ನಮ್ಮ ಪಾರ್ಕಿನ ಹದಿನಾಲ್ಕನೆಯ ಜಾಗಕ್ಕೆ ಬಂದು ಕೂತಳು. ಮಕ್ಕಳಿಲ್ಲ. ಇದ್ದವನು ಒಬ್ಬ ತಮ್ಮ, ಕ್ಲೆಮ್. ಕೊಲ್ಲಿಯಲ್ಲಿ ಸಿಗಡಿ ಹಿಡಿಯುವ ದೋಣಿಯಲ್ಲಿದ್ದ ಆಳು. ದೊಡ್ಡ ಬಾಯಿ, ದೊಡ್ಡ ಕೈ. ಐದು ವರ್ಷದ ಹಿಂದೆ ಬಲೆ ಎಳೆಯುತ್ತಿರುವಾಗಲೇ ಪಾರ್ಶ್ವವಾಯು ಹೊಡೆದು ಎಡಭಾಗ ಬಿದ್ದುಹೋಯಿತು.

ಅಡಿಲೇಡಿನ ಒಂದು ಆರೈಕೆ ಮನೆಯಲ್ಲಿ ಅವನನ್ನು ಐದು ತಿಂಗಳು ಇಟ್ಟಿದ್ದರು. ವೆರ್ನಾ ಬಸ್ಸು ಹತ್ತಿ ನೋಡಲು ಹೋದಾಗ ಅವನು ಕಾರಿಡಾರಿನಲ್ಲಿ ಗೋಡೆಗೆ ಮುಖ ಮಾಡಿ, ಯಾರದೋ ಹೆಂಗಸಿನ ಸ್ವೆಟರು ತೊಟ್ಟು, ಕುರ್ಚಿಯಲ್ಲಿ ಕೂತಿದ್ದನಂತೆ. ಅಕ್ಕನನ್ನು ನೋಡಿ ಅಳಲಿಲ್ಲ, ಬೈಯಲಿಲ್ಲ. “ವೆರ್ನ್, ಇಲ್ಲಿ ಕಿಟಕಿ ತೆಗೆಯಕ್ಕಾಗಲ್ಲ ಕಣೇ” ಎಂದನಂತೆ, ಅಷ್ಟೆ. ಅವಳು ಆ ವಾರವೇ ಕಾಗದಪತ್ರಗಳಿಗೆ ಸಹಿ ಹಾಕಿ ಅವನನ್ನು ಕರೆದುಕೊಂಡು ಬಂದಳು. ಇನ್ನು ಇವನನ್ನು ಅಲ್ಲಿಗೆ ಕಳಿಸುವುದಿದ್ದರೆ ನನ್ನ ಹೆಣದ ಜೊತೆಗೆ ಎಂದು ನನ್ನೆದುರು ಹೇಳಿದ್ದಳು. ಅವಳ ಮಿಕ್ಕ ಬದುಕೆಲ್ಲ ಆ ಒಂದು ಮಾತಿನ ಮೇಲೆ ನಿಂತಿತ್ತು.

ಆರೋಗ್ಯ ಇಲಾಖೆಯವರು ಒಂದು ಷರತ್ತು ಹಾಕಿದ್ದರು. ವರ್ಷಕ್ಕೊಮ್ಮೆ ಬಂದು ನೋಡುತ್ತಾರೆ. ಕ್ಲೆಮ್ ಯಾರ ಕೈಯೂ ಹಿಡಿಯದೆ, ಕೋಲೂರಿಕೊಂಡು, ಹಾಸಿಗೆಯಿಂದ ಬಾಗಿಲವರೆಗೆ ನಡೆಯಬೇಕು. ನಡೆದರೆ ಕ್ಯಾರವಾನಿನಲ್ಲಿ ಇರಬಹುದು, ಇಲ್ಲದಿದ್ದರೆ ಅಡಿಲೇಡ್.

ಬರೀ ಏಳು ಹೆಜ್ಜೆ. ಆದರೆ ಅರ್ಧ ಕಾಲಿನ ಮನುಷ್ಯನಿಗೆ ನೆಲ ಎಳ್ಳಷ್ಟು ವಾಲಿದರೂ ಏಳು ಮೈಲಿ. ಎಡಕ್ಕೆ ವಾಲಿದರೆ ಎಡಗಾಲು ಅವನನ್ನು ಎಳೆದುಕೊಂಡು ಹೋಗುತ್ತಿತ್ತು. ಅದಕ್ಕೇ ವೆರ್ನಾ ಆ ಗಾಡಿಯನ್ನು ಮಟ್ಟ ಮಾಡಿದಂತೆ ನಾನು ಇನ್ನಾವ ಗಾಡಿಯನ್ನೂ ನೋಡಿಲ್ಲ. ಗಾಲಿಗಳಿಗೆ ಭಾರ ಬೀಳದಂತೆ ಎತ್ತಿ, ಚೌಕಟ್ಟನ್ನು ಜಾರಾ ಎಂಬ ಗಟ್ಟಿ ಕೆಂಪು ಮರದ ದಿಮ್ಮಿಗಳ ಮೇಲೆ ಕೂರಿಸಿದ್ದಳು.

ಆ ದಿಮ್ಮಿಗಳನ್ನು ಆರಿಸಿದ ದಿನ ನಾನೂ ಜೊತೆಗಿದ್ದೆ. ಊರಿನವರು ದೋಣಿ ಕಟ್ಟುವ ಹಳೆಯ ಜೆಟ್ಟಿಯ ಹಲಗೆ ಬದಲಾಯಿಸುತ್ತ ನೂರು ವರ್ಷ ಉಪ್ಪುನೀರು ಕುಡಿದ ಮರವನ್ನು ದಡದಲ್ಲಿ ರಾಶಿ ಹಾಕಿದ್ದರು. ಅವಳು ಅರ್ಧ ದಿನ ಆ ರಾಶಿಯಲ್ಲಿ ಕೂತು ಮದುವೆಗೆ ಹೆಣ್ಣು ನೋಡುವವರಂತೆ ಒಂದೊಂದನ್ನೂ ತಿರುಗಿಸಿ ನೋಡಿದಳು. ಮೊಳೆಯ ತೂತಿದ್ದದ್ದು ಬೇಡ. ತುದಿಯಲ್ಲಿ ಸೀಳು ಇದ್ದದ್ದು ಬೇಡ. ಕೊನೆಗೆ ಎರಡು ತುಂಡನ್ನು ಒಂದಕ್ಕೊಂದು ಬಡಿದು ಕಿವಿಗೊಡುವಳು. ಒಳಗೆ ಕೊಳೆತದ್ದು ದಪ್ಪಗೆ ಸದ್ದು ಮಾಡುತ್ತದೆ, ಗಟ್ಟಿ ಇದ್ದದ್ದು ಠಣ್ ಎನ್ನುತ್ತದೆ. ಅಷ್ಟು ದೊಡ್ಡ ರಾಶಿಯಲ್ಲಿ ಅವಳಿಗೆ ಒಪ್ಪಿಗೆಯಾದದ್ದು ಹದಿನಾರು ತುಂಡು. ಒಂದೊಂದರ ಮೇಲೂ ಕೆಂಪು ಬಣ್ಣದಲ್ಲಿ ತನ್ನ ಹೆಸರಿನ ಮೊದಲಕ್ಷರ ಬರೆದಳು. ನಾಲ್ಕು ಮೂಲೆಗೆ ಒಂದೊಂದರಂತೆ ನಾಲ್ಕು ಅವಳ ಗಾಡಿಯಡಿ ಹೋದವು, ಹನ್ನೆರಡು ಗೋಣಿಚೀಲದಲ್ಲಿ ಉಳಿದವು.

ಚೀಲದವು ಕರಗಿದ್ದು ಪ್ರವಾಸಿಗಳ ಕೈಯಲ್ಲಿ. ಇಸಿದುಕೊಂಡ ಸಕ್ಕರೆ ಬಟ್ಟಲನ್ನು ತೊಳೆದು ವಾಪಸು ಕೊಡುವ ಜನ ದಿಮ್ಮಿಯನ್ನು ಮಾತ್ರ ತಮ್ಮದೆಂದುಕೊಂಡು ಡಿಕ್ಕಿಗೆ ಎಸೆದು ಹೊರಟುಬಿಡುತ್ತಾರೆ. ಯಾರಿಗೂ ಕದ್ದೆವು ಅನ್ನಿಸುವುದಿಲ್ಲ, ಮರದ ತುಂಡು ತಾನೇ. ವೆರ್ನಾ ಬೈಯುವಳು, ಮರುದಿನ ಮತ್ತೊಬ್ಬರಿಗೆ ಕೊಡುವಳು. ಕಳೆದ ವರ್ಷದ ಈಸ್ಟರ್ ಹೊತ್ತಿಗೆ ಚೀಲದಲ್ಲಿ ಉಳಿದದ್ದು ಎರಡೇ ಎರಡು.

ಈಸ್ಟರ್ ವಾರ ಪಾರ್ಕು ತುಂಬಿ ತುಳುಕುತ್ತಿತ್ತು. ಇಪ್ಪತ್ತೆರಡನೆಯ ಜಾಗ ತಗ್ಗಿನದು, ಯಾರಿಗೂ ಕೊಡಬಾರದು. ನಾನು ಆಸೆಗೆ ಬಿದ್ದು ಪರ್ತ್ ಕಡೆಯ ಒಂದು ಎಳೆಯ ಜೋಡಿಗೆ ಕೊಟ್ಟಿದ್ದೆ. ಹುಡುಗಿ ನನ್ನ ಆಫೀಸಿನ ಕಿಟಕಿಗೆ ಬಂದು, ಮಲಗಿದರೆ ಉರುಳಿ ಬೀಳುತ್ತೇವೆ, ಇದನ್ನು ಎಲ್ಲ ಕಡೆ ಬರೆದು ಹಾಕುತ್ತೇನೆ ಎಂದು ಕೂಗಾಡಿದಳು. ನಾನು ವೆರ್ನಾಳ ಹತ್ತಿರ ಓಡಿದೆ.

“ಆ ಎರಡು ಕೊಡೇ, ಪುಣ್ಯ ಬರತ್ತೆ.”

“ಆಗಲ್ಲ ಲಾಯ್ಡ್. ಅವು ನನ್ನ ಹಿಂದಿನ ಮೂಲೆಗೆ ಬೇಕು. ನಿನ್ನ ಆ ದರಿದ್ರ ನಲ್ಲಿ ತೊಟ್ಟಿಕ್ಕಿ ತೊಟ್ಟಿಕ್ಕಿ ಅಲ್ಲಿ ಮಣ್ಣು ಮೆತ್ತಗಾಗಿದೆ. ಹಳೇ ದಿಮ್ಮಿ ಒಳಗೆ ಇಳೀತಾ ಇದೆ. ಮಂಗಳವಾರ ಎತ್ತಿ ಕೊಡಬೇಕು ಅಂತ ಇಟ್ಟಿದೀನಿ.”

“ಅವರು ಮಂಗಳವಾರ ಬೆಳಿಗ್ಗೆ ಹೊರಡ್ತಾರೆ. ನಾನೇ ಕೈಯಾರೆ ಇಸ್ಕೊಂಡು ತಂದು ಕೊಡ್ತೀನಿ. ಸಾಕಾ?”

“ನೀನಾ? ಬೆಳಿಗ್ಗೆ ಹಲ್ಲುಜ್ಜಿದ್ದು ನೆನಪಿದ್ಯಾ ನಿಂಗೆ?”

ಒಳಗಿನಿಂದ ಕ್ಲೆಮ್ ತನ್ನ ತೊದಲು ದನಿಯಲ್ಲಿ ಕೂಗಿದ. “ಕೊಡೇ ವೆರ್ನ್. ಹೊಸ ಗಂಡ ಹೆಂಡ್ತಿ ಉರುಳಿಬಿದ್ರೆ ಪಾಪ ನಮಗೆ ಸುತ್ಕೊಳತ್ತೆ!”

ಅವಳು ಕೊಟ್ಟಳು. ಮಂಗಳವಾರ ಬೆಳಗ್ಗೆ ಏಳು ಗಂಟೆಗೆ ಕಕ್ಕಸಿನ ಪಂಪು ಕೆಟ್ಟಿತು. ನಾನು ಮೊಣಕೈವರೆಗೆ ಹೊಲಸಿನಲ್ಲಿ ಮುಳುಗಿದ್ದಾಗ ಆ ಜೋಡಿ ಪಾರ್ಕಿನ ಬೀಗದಕೈಯನ್ನು ಆಫೀಸಿನ ಪೆಟ್ಟಿಗೆಯ ಸಂದಿಗೆ ಹಾಕಿ ಹೊರಟುಹೋಯಿತು. ನನಗೆ ನೆನಪಾದದ್ದು ಮಧ್ಯಾಹ್ನದ ಊಟಕ್ಕೆ ಕೂತಾಗ. ಇಪ್ಪತ್ತೆರಡನೆಯ ಜಾಗದಲ್ಲಿ ಹುಲ್ಲಿನ ಮೇಲೆ ಎರಡು ಚೌಕದ ಗುರುತು ಇತ್ತು, ದಿಮ್ಮಿ ಇರಲಿಲ್ಲ.

ವೆರ್ನಾ ಬಂದು ನನ್ನ ಮುಖ ನೋಡಿದಳು. ನಾನು ಬಾಯಿ ತೆರೆಯಬೇಕಾಗಲಿಲ್ಲ. ಅವಳು ಬೈದಿದ್ದರೆ ಚೆನ್ನಾಗಿತ್ತು.

“ಹೋಗ್ಲಿ ಬಿಡು” ಎಂದಳು. “ಜೆಟ್ಟಿ ರಾಶೀಲಿ ಇನ್ನೆರಡು ಕೊಯ್ಕೊಂಡ್ರಾಯ್ತು.”

ಆದರೆ ರಾಶಿ ಅಲ್ಲಿರಲಿಲ್ಲ. ಮಿಕ್ಕ ಹಲಗೆಯನ್ನೆಲ್ಲ ನಗರದ ಯಾವುದೋ ಹೋಟೆಲಿನವರು ಮೇಜು ಮಾಡಿಸಲು ಲಾರಿಯಲ್ಲಿ ತುಂಬಿಕೊಂಡು ಹೋಗಿದ್ದರು. ಒಳ್ಳೆಯ ಮರ ಸಿಗುವ ಅಂಗಡಿ ಎರಡು ಗಂಟೆಯ ದಾರಿ, ಕ್ಲೆಮ್‌ನನ್ನು ಅಷ್ಟು ಹೊತ್ತು ಒಬ್ಬನೇ ಬಿಡುವಂತಿಲ್ಲ. ಈ ವಾರ, ಮುಂದಿನ ವಾರ ಎನ್ನುತ್ತ ದಿನ ಕಳೆದವು. ನಾನು ಹೋಗಿ ತರಬಹುದಿತ್ತು. ತರುತ್ತೇನೆ ಎಂದು ಎರಡು ಸಲ ಹೇಳಿದೆ ಕೂಡ. ನಲ್ಲಿಗೆ ಹೊಸ ವಾಷರು ಹಾಕುತ್ತೇನೆ ಎಂದೂ ಹೇಳಿದ್ದೆ.

ಮೇ ತಿಂಗಳಲ್ಲಿ ಮಳೆ ಹಿಡಿಯಿತು. ಕ್ಲೆಮ್ ಊಟದ ಮೇಜಿನ ಪಕ್ಕದ ಗೋಡೆಗೆ ಒರಗಿಸಿಟ್ಟ ಕೋಲು ಜಾರಿ ಬೀಳತೊಡಗಿತು. ಎತ್ತಿ ಇಟ್ಟರೆ ಸ್ವಲ್ಪ ಹೊತ್ತು ನಿಲ್ಲುವುದು, ಆಮೇಲೆ ಮೆಲ್ಲಗೆ ಪಕ್ಕಕ್ಕೆ ಸರಿದು ದಡ್ ಎನ್ನುವುದು.

“ಈ ಬಡ್ಡೀಮಗಂಗೆ ನನಗಿಂತ ಜಾಸ್ತಿ ಕುಡಿದು ಗೊತ್ತು” ಎಂದು ಕ್ಲೆಮ್ ಕೋಲನ್ನು ಬೈಯುವನು. ವೆರ್ನಾ ನಗುತ್ತಿರಲಿಲ್ಲ. ನೆಲದ ಮೇಲೆ ರಸಮಟ್ಟ ಇಟ್ಟು ಅದರ ಗುಳ್ಳೆಯನ್ನು ನೋಡುತ್ತಿದ್ದಳು.

ಆಗಲೇ ಕಾಗದ ಬಂತು. ಜೂನ್ ಒಂಬತ್ತು, ಗುರುವಾರ, ಬೆಳಗ್ಗೆ ಹತ್ತೂವರೆಗೆ ಬಂದು ನೋಡುತ್ತೇವೆ ಎಂದು. ಉಳಿದದ್ದು ಎಂಟು ದಿನ. ಕ್ಲೆಮ್ ಅಭ್ಯಾಸ ಶುರು ಮಾಡಿದ. ಮೂರನೆಯ ಹೆಜ್ಜೆಗೆ ಎಡಕ್ಕೆ ಎಳೆಯುತ್ತಿತ್ತು. ಐದನೆಯದಕ್ಕೆ ಒಲೆಯ ಅಂಚು ಹಿಡಿಯುತ್ತಿದ್ದ. ಹಿಡಿದರೆ ಆಗದು, ಯಾವುದನ್ನೂ ಹಿಡಿಯಕೂಡದು ಎಂದು ನಿಯಮ.

ಭಾನುವಾರ ಬೆಳಗ್ಗೆ ನಾನು ಹುಲ್ಲು ಕೊಯ್ಯುವ ಯಂತ್ರ ತೆಗೆಯಲು ಶೆಡ್ಡಿನ ಹಿಂದೆ ಹೋದೆ. ಅಲ್ಲಿ ಎಂಟು ಸಿಮೆಂಟ್ ಬ್ಲಾಕ್ ಬಿದ್ದಿರುತ್ತಿದ್ದವು. ಈಗ ಆರೇ ಇದ್ದವು. ಎರಡು ಇದ್ದ ಜಾಗದಲ್ಲಿ ಹುಲ್ಲು ಬೆಳ್ಳಗಿತ್ತು, ಬಸವನಹುಳುಗಳು ಇನ್ನೂ ಅಲ್ಲಿಂದ ಕದಲಿರಲಿಲ್ಲ. ಹದಿನಾಲ್ಕನೆಯ ಜಾಗದ ಕಡೆ ನೋಡಿದೆ. ಗಾಡಿಯ ಸುತ್ತ ಕೆಳಗೆ ಇಳಿಬಿಟ್ಟ ಕ್ಯಾನ್ವಾಸ್ ಪರದೆಯನ್ನು ಗಾಳಿಯೇ ಇಲ್ಲದ ದಿನ ಬಿಗಿಯಾಗಿ ಗೂಟಕ್ಕೆ ಕಟ್ಟಿದ್ದಳು. ಊರಿಗೆಲ್ಲ ಸಿಮೆಂಟ್ ಬ್ಲಾಕಿನ ಪಾಠ ಹೇಳಿದವಳು, ಯಾರೂ ನೋಡಬಾರದಲ್ಲ.

ನನಗೆ ಅರ್ಥವಾಯಿತು. ಕೇಳಲಿಲ್ಲ. ಕೇಳಿದರೆ, ಮತ್ತೆ ನನ್ನ ದಿಮ್ಮಿ ಎಲ್ಲಿ ಎಂದು ಅವಳು ಕೇಳುತ್ತಾಳೆ ಎಂಬ ಹೆದರಿಕೆ ನನಗೆ. ಬಾಯಿಗೆ ಬೀಗ ಹಾಕಿಕೊಂಡು ಹುಲ್ಲು ಕೊಯ್ದೆ. ಗುರುವಾರದವರೆಗೆ ನಾಲ್ಕು ದಿನ ತಾನೇ ಎಂದುಕೊಂಡೆ. ಅವಳೂ ಹಾಗೇ ಅಂದುಕೊಂಡಿದ್ದಳೆಂದು ಆಮೇಲೆ ತಿಳಿಯಿತು.

ಸೋಮವಾರ ಕ್ಲೆಮ್ ಏಳು ಹೆಜ್ಜೆ ನಡೆದ. ಮಂಗಳವಾರ ಎರಡು ಸಲ, ಬುಧವಾರ ನಾಲ್ಕು ಸಲ. ಕೊನೆಯ ಸಲ ಬಾಗಿಲಿಗೆ ಬಂದು ಕೋಲೆತ್ತಿ ನನಗೆ ಸಲಾಮು ಹೊಡೆದ.

“ನೋಡೋ ಲಾಯ್ಡ್! ನಾಳೆ ನೋಡೋಕೆ ಬರೋ ಆಯಮ್ಮ ಒಪ್ಪಿಲ್ಲ ಅಂದ್ರೆ ಅವಳ ಜೊತೆ ಡ್ಯಾನ್ಸೇ ಮಾಡಿಬಿಡ್ತೀನಿ.”

“ಮೊದಲು ಪ್ಯಾಂಟಿನ ಗುಂಡಿ ಹಾಕ್ಕೋ” ಎಂದಳು ವೆರ್ನಾ ಹಿಂದಿನಿಂದ. ಅವಳ ಮುಖದಲ್ಲಿ ಎಷ್ಟೋ ದಿನಕ್ಕೆ ನಗೆ ಕಂಡೆ. ನನಗೂ ಹಗುರಾಯಿತು.

ಗುರುವಾರ ಇಬ್ಬರು ಬಂದರು. ಎಲೆನಿ ಎಂಬ ನಡುವಯಸ್ಸಿನ ಹೆಂಗಸು, ಅವಳ ಜೊತೆ ವ್ಯಾಯಾಮ ಕಲಿಸುವ ಒಬ್ಬ ದೈತ್ಯ. ನೂರಿಪ್ಪತ್ತು ಕಿಲೋಗೆ ಕಮ್ಮಿಯಿಲ್ಲದ ಆಸಾಮಿ, ಬಾಗಿಲಲ್ಲಿ ಓರೆಯಾಗಿ ನುಗ್ಗಬೇಕಾಯಿತು. ವೆರ್ನಾ ಬೆಳಗ್ಗೆಯೇ ಎದ್ದು ಮಾಂಸ, ಆಲೂಗೆಡ್ಡೆ ತುಂಬಿದ ಪ್ಯಾಸ್ಟಿ ಬೇಯಿಸಿದ್ದಳು. ಕ್ಲೆಮ್ ನುಣ್ಣಗೆ ಕ್ಷೌರ ಮಾಡಿಸಿಕೊಂಡು ನೀಲಿ ಅಂಗಿ ತೊಟ್ಟಿದ್ದ. ಏನಾದರೂ ಆದರೆ ನಲವತ್ತು ಹೆಜ್ಜೆಯಲ್ಲಿ ನಾನಿದ್ದೇನೆ ಎಂದು ಸಾಕ್ಷಿ ಹೇಳಲು ನನ್ನನ್ನು ಬಾಗಿಲ ಹೊರಗೆ ನಿಲ್ಲಿಸಿದ್ದಳು.

“ಅವಸರ ಬೇಡ, ಮಿಸ್ಟರ್ ಟ್ರೆಗೆಂಜಾ. ನಿಮಗೆ ಆದಾಗ ಏಳಿ” ಎಂದಳು ಎಲೆನಿ. ಒಳ್ಳೆಯ ಹೆಂಗಸು. ನಾನು ಅವಳನ್ನು ದೂರುವುದಿಲ್ಲ.

“ಏಳೋದು ಸುಲಭ ಕಣಮ್ಮ” ಎಂದ ಕ್ಲೆಮ್. “ಇವಳ ಪ್ಯಾಸ್ಟಿ ಬಿಟ್ಟು ಏಳೋದು ಕಷ್ಟ.”

ಎದ್ದ. ಒಂದು, ಎರಡು. ದೈತ್ಯ ಅವನ ಎಡಕ್ಕೆ, ಮುಟ್ಟದೆ, ಕೈ ಚಾಚಿಕೊಂಡು ನಡೆದ. ಎಲೆನಿ ಹಿಂದೆ. ಮೂರು. ಎಡಕ್ಕೆ ಎಳೆಯಲಿಲ್ಲ. ವೆರ್ನಾ ತೊಟ್ಟಿಯ ಪಕ್ಕ ನಿಂತು ಒರೆಸುವ ಬಟ್ಟೆಯನ್ನು ಹಿಂಡುತ್ತಿದ್ದಳು, ಅದರಲ್ಲಿ ನೀರೇ ಇರಲಿಲ್ಲ. ನಾಲ್ಕು. ಐದು. ಒಲೆಯ ಅಂಚನ್ನು ಮುಟ್ಟದೆ ದಾಟಿದ. ಆರನೆಯದಕ್ಕೆ ಅವನು ತಲೆಯೆತ್ತಿ ಬಾಗಿಲಲ್ಲಿದ್ದ ನನ್ನನ್ನು ನೋಡಿ ಕಣ್ಣು ಹೊಡೆದ.

ಬಸಿ ಒಡೆದಂತೆ ಒಂದು ಸದ್ದು. ಅದಕ್ಕೆ ಮುಂಚೆ ಏನೂ ಇಲ್ಲ. ಗಾಡಿಯ ಹಿಂದಿನ ಮೂಲೆ ಒಂದು ಗೇಣು ಕೆಳಗೆ ಹೋಯಿತು. ಎಲ್ಲರೂ ಬಿದ್ದರು. ದೈತ್ಯ ಗೋಡೆಗೆ, ಎಲೆನಿ ಹಾಸಿಗೆಗೆ. ಕ್ಲೆಮ್ ಹಿಂದಕ್ಕೆ ಹೋಗಿ ಒಲೆಯ ಅಂಚಿಗೆ ಸೊಂಟ ಬಡಿದು ನೆಲಕ್ಕೆ ಬಿದ್ದ. ಮೂಳೆ ಮುರಿದದ್ದು ಹೊರಗಿದ್ದ ನನಗೆ ಕೇಳಿಸಿತು. ಕೋಲು ಮಾತ್ರ ಜಾರಿಕೊಂಡು ನನ್ನ ಕಾಲ ಬಳಿಗೆ ಬಂತು.

ಎಲೆನಿ ತೆವಳಿಕೊಂಡು ಬಂದು ಅವನ ತಲೆಯನ್ನು ತೊಡೆಯ ಮೇಲೆ ತೆಗೆದುಕೊಂಡಳು. ಕ್ಲೆಮ್ ಕಿರುಚಲಿಲ್ಲ. “ಆರು ಆಯ್ತು, ಆರು ಆಯ್ತಲ್ಲ, ಬರ್ಕೊಳಮ್ಮ” ಎನ್ನುತ್ತಿದ್ದ.

ವೆರ್ನಾ ಅವನನ್ನು ಮುಟ್ಟಲಿಲ್ಲ. ನನ್ನನ್ನು ತಳ್ಳಿಕೊಂಡು ಹೊರಗೆ ಬಂದು, ಕ್ಯಾನ್ವಾಸನ್ನು ಗೂಟ ಸಮೇತ ಕಿತ್ತು, ಜಾಕು ಹಿಡಿದು ಗಾಡಿಯಡಿ ನುಗ್ಗಿದಳು. ಗಾಡಿ ಇನ್ನೂ ಓಲಾಡುತ್ತಿತ್ತು. ಬೇಡ ಕಣೇ ಎಂದು ನಾನು ಅವಳ ಕಾಲು ಹಿಡಿದೆ, ಒದ್ದಳು. ಆಂಬುಲೆನ್ಸಿನವರು ಒಳಗೆ ಹೋಗಬೇಕಿದ್ದರೆ ಗಾಡಿ ನಿಲ್ಲಬೇಕಿತ್ತು, ನಿಲ್ಲಿಸಿದಳು. ಜಾಕಿನ ಮೇಲೆ ಗಾಡಿ ಇರುವಾಗ ಒಳಗೆ ನರಪಿಳ್ಳೆಯೂ ಇರಕೂಡದು ಎಂದವಳು ಮೂವರನ್ನು ಒಳಗಿಟ್ಟುಕೊಂಡೇ ಎತ್ತಿದಳು. ಹೊರಬಂದಾಗ ಅವಳ ಎರಡು ಕೈಯಲ್ಲೂ ಸಿಮೆಂಟಿನ ಚೂರುಗಳಿದ್ದವು. ಬ್ಲಾಕನ್ನು ತೂತು ಮೇಲಕ್ಕೆ ಬರುವಂತೆ ನಿಲ್ಲಿಸಿ, ಮೇಲೊಂದು ಹಲಗೆ ಕೊಟ್ಟು, ಸಿಮೆಂಟಿನಲ್ಲಿ ಎಷ್ಟು ಸರಿಯಾಗಿ ಮಾಡಬಹುದೋ ಅಷ್ಟು ಸರಿಯಾಗಿಯೇ ಇಟ್ಟಿದ್ದಳು.

“ಸದ್ದು ಮಾಡಲಿಲ್ಲ ಕಣೋ” ಎಂದಳು ನನಗೆ. “ಬೆಳಿಗ್ಗೆ ಆರಕ್ಕೆ ಅದರ ಪಕ್ಕ ಮಲಗಿ ಕಿವಿ ಕೊಟ್ಟು ಕೇಳಿದೀನಿ. ಏನೂ ಅನ್ನಲಿಲ್ಲ.”

ಕ್ಲೆಮ್‌ಗೆ ಅಡಿಲೇಡಿನಲ್ಲಿ ಶಸ್ತ್ರಚಿಕಿತ್ಸೆಯಾಯಿತು. ಅಲ್ಲಿಂದ ಅದೇ ಆರೈಕೆ ಮನೆ. ಕಿಟಕಿ ತೆಗೆಯಲಾಗದ ಅದೇ ಕಾರಿಡಾರು. ವೆರ್ನಾ ವಾರಕ್ಕೆ ಮೂರು ಸಲ ಬಸ್ಸು ಹತ್ತುತ್ತಿದ್ದಳು. ಆಗಸ್ಟಿನಲ್ಲಿ ಎದೆಗೆ ಕಫ ಕಟ್ಟಿಕೊಂಡು ಅವನು ಸತ್ತ. ಅವಳು ಬಸ್ಸಿನಲ್ಲಿದ್ದಳು. ಕೋಲನ್ನೂ ನೀಲಿ ಅಂಗಿಯನ್ನೂ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಅವಳ ಕೈಗೆ ಕೊಟ್ಟರು.

ಆಮೇಲೆ ಅವಳು ನಾಲ್ಕು ಗಂಟೆಗೆ ಹೊರಗೆ ಬರುವುದನ್ನು ಬಿಟ್ಟಳು. ಜನ ಬರುತ್ತಿದ್ದರು, ವಾಲಿದ ಗಾಡಿಗಳನ್ನು ಕಂಡಕಂಡ ಕಲ್ಲಿನ ಮೇಲೆ ನಿಲ್ಲಿಸುತ್ತಿದ್ದರು. ಬೈಯುವವರಿರಲಿಲ್ಲ. ಬೇರೆಯವರು ಕುರ್ಚಿ ಹಾಕಿ ಕೂರುತ್ತಿದ್ದರು. ನನಗೆ ಕೂರಲು ಮನಸ್ಸಾಗಲಿಲ್ಲ. ಅವಳ ಗಾಡಿಯ ಹಿಂದಿನ ಮೂಲೆ ಅದೇ ಜಾಕಿನ ಮೇಲೆ ಓರೆಯಾಗಿ ನಿಂತಿತ್ತು. ಸರಿ ಮಾಡಿಕೊಡಲೇ ಎಂದು ಕೇಳಿದರೆ, ಯಾರಿಗೆ ಎನ್ನುವಳು. ನಲ್ಲಿಗೆ ವಾಷರು ಹಾಕಿದೆ. ಐದು ನಿಮಿಷದ ಕೆಲಸ.

ನವೆಂಬರಿನಲ್ಲಿ ಪಾರ್ಕಿನ ವಿಳಾಸಕ್ಕೆ ಒಂದು ಭಾರದ ಪೊಟ್ಟಣ ಬಂತು. ಬಿಚ್ಚಿದರೆ ಎರಡು ಜಾರಾ ದಿಮ್ಮಿ. ನುಣ್ಣಗೆ ಉಜ್ಜಿ, ಎಣ್ಣೆ ಹಚ್ಚಿ, ಕನ್ನಡಿಯಂತೆ ಹೊಳೆಯಿಸಿದ್ದರು. ಒಂದರ ಮೂಲೆಯಲ್ಲಿ ಕೆಂಪು ಬಣ್ಣದ ಚೂರೊಂದು ಮಾತ್ರ ಉಳಿದಿತ್ತು. ಜೊತೆಗೆ ಪರ್ತಿನ ಆ ಜೋಡಿಯ ಚೀಟಿ. ಗಾಡಿ ಮಾರುವಾಗ ಡಿಕ್ಕಿಯಲ್ಲಿ ಸಿಕ್ಕಿದವು, ಗೊತ್ತಿಲ್ಲದೆ ತಂದುಬಿಟ್ಟಿದ್ದೇವೆ, ತುಂಬ ನಾಚಿಕೆಯಾಯಿತು, ಕ್ಷಮಿಸಿ ಎಂದು ಹೇಳಲಿಕ್ಕೆ ಸ್ವಲ್ಪ ಚೆಂದ ಮಾಡಿ ಕಳಿಸಿದ್ದೇವೆ ಎಂದು. ಕೆಳಗೆ ಒಂದು ನಗುವ ಮುಖ ಬರೆದಿದ್ದರು.

ಅದನ್ನು ಮುಚ್ಚಿಟ್ಟುಬಿಡೋಣ ಅನ್ನಿಸಿತು. ಮುಚ್ಚಿಡುವುದರಲ್ಲಿ ನಾನು ಪಳಗಿದವನಾಗಿದ್ದೆ. ಎರಡು ದಿನ ಮೇಜಿನ ಕೆಳಗೆ ಇಟ್ಟುಕೊಂಡು ಕೂತೆ. ಮೂರನೆಯ ದಿನ ಎತ್ತಿಕೊಂಡು ಹೋಗಿ ಅವಳ ಮೆಟ್ಟಿಲ ಮೇಲೆ ಇಟ್ಟೆ.

ವೆರ್ನಾ ಚೀಟಿ ಓದಿದಳು. ದಿಮ್ಮಿಗಳನ್ನು ಎತ್ತಿ ಒಂದಕ್ಕೊಂದು ಬಡಿದಳು. ಠಣ್ ಎಂದಿತು.

“ಗಟ್ಟಿ ಇವೆ” ಎಂದಳು.

ಆಗ ನಾನು ಹೇಳಿದೆ. “ವೆರ್ನ್, ಅವತ್ತು ನಾನು ಇಸ್ಕೋಬೇಕಿತ್ತು. ಮರೆತೆ. ಆಮೇಲೆ ಶೆಡ್ಡಿನ ಹಿಂದೆ ಬ್ಲಾಕು ಎರಡು ಕಮ್ಮಿ ಇದ್ದಿದ್ದೂ ನೋಡ್ದೆ. ಭಾನುವಾರಾನೇ ನೋಡ್ದೆ. ಬಾಯಿ ಬಿಡಲಿಲ್ಲ.”

“ಗೊತ್ತು.”

“ಎರಡೂ?”

“ಹುಲ್ಲು ಕೊಯ್ಯೋನು ನನ್ನ ಗಾಡಿ ಹತ್ರ ಬಂದು ಮುಖ ಆ ಕಡೆ ತಿರುಗಿಸ್ಕೊಂಡ್ರೆ ಗೊತ್ತಾಗಲ್ವೇನೋ ಕತ್ತೆ?”

“ಮತ್ತೆ ಯಾಕೆ ಬೈಲಿಲ್ಲ ನನ್ನ?”

ಅವಳು ದಿಮ್ಮಿಯ ಹೊಳಪನ್ನು ಹೆಬ್ಬೆರಳಿನಿಂದ ತೀಡಿದಳು. “ಬ್ಲಾಕಿನ ವಿಷಯ ನೀನು ನನ್ನ ಬಾಯಲ್ಲಿ ಕೇಳಿದ್ದೆ ಅಷ್ಟೆ ಲಾಯ್ಡ್. ನಾನು ಮನೆ ಅಡೀಲಿ ಮಲಗಿದ್ದೋಳು. ಈ ಊರಲ್ಲಿ ಅದು ಏನು ಮಾಡತ್ತೆ ಅಂತ ಮೈಯಲ್ಲಿ ಗೊತ್ತಿದ್ದೋಳು ನಾನೊಬ್ಬಳೇ. ಗೊತ್ತಿದ್ದೂ ಇಟ್ಟೆ. ಅವನು ಏಳು ಹೆಜ್ಜೆ ಹಾಕಿದ್ದು ನೋಡಿ ಖುಷಿ ಆಗ್ಬಿಡ್ತು ಕಣೋ. ಬುಧವಾರ ತೆಗೆದು ಬೇರೆ ಏನಾದ್ರೂ ಕೊಡೋಣ ಅಂದ್ಕೊಂಡೆ. ಇವನು ನಾಲ್ಕನೇ ಸಲ ನಡೆದಾಗ, ಇರ್ಲಿ, ಇನ್ನೊಂದು ದಿನ ಅಂದ್ಕೊಂಡೆ.”

ನನಗೆ ಅಳು ಬಂತು. ಅವಳಿಗೆ ಬರಲಿಲ್ಲ. ಬೈಯುವಷ್ಟಾದರೂ ಅವಳು ನನ್ನ ಮೇಲೆ ಹೊರಿಸಿದ್ದರೆ ನನಗೆ ಹಗುರಾಗುತ್ತಿತ್ತು, ಅದನ್ನೂ ಕೊಡಲಿಲ್ಲ. ಎಲ್ಲವನ್ನೂ ತಾನೇ ಇಟ್ಟುಕೊಂಡಳು.

“ಎಣ್ಣೆ ಬೇರೆ ಬಳಿದಿದಾರೆ, ಮುಂಡೇವು. ಜಾರತ್ತೆ” ಎಂದು ಒಳಗಿನಿಂದ ಗಾಜಿನ ಚೂರು ತಂದಳು. ಮೆಟ್ಟಿಲ ಮೇಲೆ ಕೂತು ಆ ಹೊಳಪನ್ನೆಲ್ಲ ಹೆರೆದಳು. ಒಂದು ತಾಸು ಹಿಡಿಯಿತು. ಒಳಗಿನ ಹಳೆಯ ಒರಟು ಮರ ಕಂಡ ಮೇಲೆ ಎದ್ದು, ಗಾಲಿಗೆ ಕಲ್ಲು ಕೊಡು ಎಂದಳು. ಕೊಟ್ಟೆ. ಒಳಗೆ ಯಾರೂ ಇಲ್ಲವಲ್ಲ ಎಂದು ಅಭ್ಯಾಸದಂತೆ ಕೇಳಿದಳು. ನಾನು ಜಾಕು ತಿರುಗಿಸಿದೆ, ಅವಳು ಅಂಗಾತ ಮಲಗಿ ಎರಡು ದಿಮ್ಮಿಯನ್ನು ಒಂದರ ಮೇಲೊಂದು ಅಡ್ಡಡ್ಡ ಇಟ್ಟಳು. ಇಳಿಸು ಎಂದಳು. ಭಾರ ಕೂತಾಗ ಮರ ಸಣ್ಣಗೆ ಕಿರ್ ಎಂದು ಸುಮ್ಮನಾಯಿತು. ಅವಳು ಕೆಳಗೇ ಮಲಗಿದ್ದಳು, ಬಹಳ ಹೊತ್ತಾದರೂ ಹೊರಗೆ ಬರಲಿಲ್ಲ.

ಆಮೇಲೆ ಒಳಗೆ ಹೋದೆವು. ಅವಳು ರಸಮಟ್ಟ ತೆಗೆಯಲಿಲ್ಲ. ಪ್ಲಾಸ್ಟಿಕ್ ಚೀಲದಿಂದ ಕ್ಲೆಮ್‌ನ ಕೋಲು ತೆಗೆದು, ಊಟದ ಮೇಜಿನ ಪಕ್ಕ ಅವನು ಇಡುತ್ತಿದ್ದ ಜಾಗದಲ್ಲೇ ಗೋಡೆಗೆ ಒರಗಿಸಿ, ಕೈ ಬಿಟ್ಟಳು. ಇಬ್ಬರೂ ಅದನ್ನೇ ನೋಡುತ್ತ ಕೂತೆವು. ಚಹಾ ಆರಿತು. ಕೋಲು ಬೀಳಲಿಲ್ಲ.